ಸೈಡ್ ಕಿಕ್ಕಿನ ಬಲ ನಿಂತ ಕಾಲಿನದು

ಟೇಕ್ವಾಂಡೋ ಕಲಿಯುವವರಿಗೆ ‘ಯೊಪ್ ಚಾಗಿ’, ಅಂದರೆ ಸೈಡ್ ಕಿಕ್, ಬಣ್ಣದ ಬೆಲ್ಟಿನ ದಿನಗಳಲ್ಲೇ ಪರಿಚಯವಾಗುತ್ತದೆ. ಅದು ನಿಜವಾಗಿ ಒಲಿಯುವುದು ಬಹಳ ತಡವಾಗಿ. ಎದುರಾಳಿಗೆ ಮೈಯ ಪಕ್ಕವನ್ನು ಕೊಟ್ಟು ನಿಲ್ಲುವುದು, ಮಂಡಿಯನ್ನು ಎದೆಯ ಕಡೆಗೆ ಎತ್ತುವುದು, ಹಿಮ್ಮಡಿಯನ್ನು ನೇರ ಗೆರೆಯಲ್ಲಿ ಗುರಿಯೊಳಕ್ಕೆ ನೂಕುವುದು: ಹೇಳಿದರೆ ಇಷ್ಟೇ. ಫ್ರಂಟ್ ಕಿಕ್‌ನಲ್ಲಿ ಕಾಲು ಹೋಗುವ ದಾರಿ ನಡಿಗೆಯಲ್ಲಿ ಹೋಗುವ ದಾರಿಯೇ ಆದ್ದರಿಂದ ಅದು ಬೇಗ ಬರುತ್ತದೆ. ಸೈಡ್ ಕಿಕ್ ಬೇಡುವುದು ದಿನದ ಯಾವ ಕೆಲಸದಲ್ಲೂ ದೇಹ ಮಾಡದ ಚಲನೆಯನ್ನು. ಒಂದು ಕಾಲ ಮೇಲೆ ನಿಂತು, ಸೊಂಟವನ್ನು ಹೊರಳಿಸಿ, ಬೆನ್ನನ್ನು ಅರ್ಧ ಗುರಿಯ ಕಡೆ ತಿರುಗಿಸಿಕೊಂಡು, ಭುಜದ ಮೇಲಿಂದ ನೋಡುತ್ತ ಒದೆಯಬೇಕು. ಹಾಗಾಗಿ ಇದು ತಾನಾಗಿ ಬರುವ ಕಿಕ್ ಅಲ್ಲ. ಬಿಡಿಬಿಡಿಯಾಗಿ ಕಲಿತು ಮತ್ತೆ ಕೂಡಿಸಬೇಕಾದ ಕಿಕ್.

ಕೊರಿಯಾದ ಹಲವು ಸಮರಕಲೆಗಳಲ್ಲಿ ಇದಕ್ಕೆ ಜಾಗವಿದೆ. ಹ್ವಾಂಗ್ ಕೀ 1945ರಲ್ಲಿ ಆರಂಭಿಸಿದ ಮೂ ಡುಕ್ ಕ್ವಾನ್ ಪರಂಪರೆಯ ಟಾಂಗ್ ಸೂ ಡೋದಲ್ಲಿ ಇದು ಮೂಲ ಪಾಠಗಳಲ್ಲೊಂದು. ಹಾಪ್ಕಿಡೋದಲ್ಲಿ ಇದನ್ನು ಎದುರಾಳಿಯ ಮಂಡಿಗೆ, ಕೆಳಮಟ್ಟದಲ್ಲಿ ಹೊಡೆಯಲೂ ಕಲಿಸುತ್ತಾರೆ. ಟೇಕ್ವಾಂಡೋ ಎಂಬ ಹೆಸರು 1955ರಲ್ಲಿ ಬಳಕೆಗೆ ಬಂದಾಗ ಅದರ ಹಿಂದಿದ್ದ ಚೋಯ್ ಹಾಂಗ್ ಹೀ, ತಮ್ಮ 15 ಸಂಪುಟಗಳ ವಿಶ್ವಕೋಶದಲ್ಲಿ ಬಲದ ಸಿದ್ಧಾಂತವೆಂದು ಆರು ಅಂಶಗಳನ್ನು ಹೆಸರಿಸಿದರು: ಪ್ರತಿಕ್ರಿಯಾ ಬಲ, ಏಕಾಗ್ರತೆ, ಸಮತೋಲ, ಉಸಿರಿನ ಹಿಡಿತ, ದ್ರವ್ಯರಾಶಿ, ವೇಗ. ಈ ಆರನ್ನೂ ಒಂದೇ ಚಲನೆಯಲ್ಲಿ ತೋರಿಸಬೇಕೆಂದರೆ ಸೈಡ್ ಕಿಕ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಚೋಯ್ ಅವರ ಐಟಿಎಫ್ (ಇಂಟರ್‌ನ್ಯಾಷನಲ್ ಟೇಕ್ವಾಂಡೋ ಫೆಡರೇಷನ್) ಪದ್ಧತಿಯಲ್ಲಿ ವೋನ್‌ಹ್ಯೊ ಪ್ಯಾಟರ್ನ್ (ಚಲನೆಗಳ ನಿಗದಿತ ಸರಣಿ) ಕಲಿಯುವವರು ಒಂದು ಕಾಲನ್ನು ಮಡಚಿ ಸಿದ್ಧವಾಗಿ ನಿಂತು, ಅಲ್ಲಿಂದಲೇ ಸೈಡ್ ಕಿಕ್ ಹೊಡೆಯುತ್ತಾರೆ. ವರ್ಲ್ಡ್ ಟೇಕ್ವಾಂಡೋ ಅನುಸರಿಸುವ ಕುಕ್ಕಿವೋನ್ ಪದ್ಧತಿಯಲ್ಲಿ ತೇಗುಕ್ ಐದನೆಯ ಪೂಮ್ಸೆಯಲ್ಲಿ (ಪ್ಯಾಟರ್ನ್‌ಗೆ ಅಲ್ಲಿನ ಹೆಸರು ಪೂಮ್ಸೆ) ಸೈಡ್ ಕಿಕ್‌ನೊಂದಿಗೇ ಅದೇ ಕಡೆಗೆ ಮುಷ್ಟಿಯೂ ಚಾಚುತ್ತದೆ. ಕಾಲು ಇಳಿದೊಡನೆ ಅಂಗೈಗೆ ಮೊಣಕೈಯ ಹೊಡೆತ. ಬ್ಲ್ಯಾಕ್ ಬೆಲ್ಟಿನ ಮೊದಲ ಪೂಮ್ಸೆಯಾದ ಕೊರ್ಯೊ ಆರಂಭದಲ್ಲೇ ಜೋಡಿ ಸೈಡ್ ಕಿಕ್ ಬರುತ್ತದೆ. ಮೊದಲನೆಯದು ಮಂಡಿಯ ಮಟ್ಟಕ್ಕೆ, ಎರಡನೆಯದು ಕಾಲನ್ನು ನೆಲಕ್ಕೆ ತಾಗಿಸದೆ ಮೇಲಕ್ಕೆ. ಮೊದಲ ಕಿಕ್ ಆದ ಮೇಲೆ ಮಂಡಿಯನ್ನು ಪೂರ್ತಿ ಮಡಚಿ ಹಿಂದಕ್ಕೆ ತರದವರಿಗೆ ಎರಡನೆಯದು ಬರುವುದೇ ಇಲ್ಲ. ಕಾಲು ತೂಗಾಡಿ ಮೇಲೇರುತ್ತದೆ ಅಷ್ಟೆ. ಕಲಿತವರ ಬುನಾದಿ ಎಷ್ಟು ಗಟ್ಟಿ ಎಂದು ಪರೀಕ್ಷಕರಿಗೆ ತಿಳಿಯಲು ಕೊರ್ಯೊದ ಆ ಎರಡು ಕ್ಷಣ ಸಾಕು.

ಮೊದಲಿಗೆ ತಿಳಿಯಬೇಕಾದದ್ದು ಪಾದದ ಯಾವ ಭಾಗ ತಾಗಬೇಕು ಎಂಬುದು. ಪಾದದ ಹೊರ ಅಂಚು, ಅದರಲ್ಲೂ ಹಿಮ್ಮಡಿಗೆ ಹತ್ತಿರದ ಭಾಗ, ಇಲ್ಲವೇ ಹಿಮ್ಮಡಿಯ ತಳ. ಹೊರ ಅಂಚನ್ನು ಕೊರಿಯನ್ನರು ಬಾಲ್ನಾಲ್ ಎನ್ನುತ್ತಾರೆ. ಕಿರುಬೆರಳಿನ ಕಡೆಯ ಅರ್ಧ ತಾಗಿದರೆ ಅಲ್ಲಿರುವ ಉದ್ದನೆಯ ತೆಳು ಮೂಳೆಗಳಿಗೆ ಪೆಟ್ಟು. ಪಾದದ ಕೀಲು ಒಳಕ್ಕೆ ಮಡಚಿಕೊಂಡು ಉಳುಕುವುದೂ ಉಂಟು. ಪಾದವನ್ನು ಸಿದ್ಧಗೊಳಿಸಲು ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದುಕೊಂಡು, ಹಿಮ್ಮಡಿಯನ್ನು ಮುಂದೆ ಚಾಚಿ, ಪಾದದ ಒಳ ಅಂಚನ್ನು ತುಸು ಮೇಲಕ್ಕೆತ್ತಬೇಕು. ಹೊಡೆತ ಮುಗಿದಾಗ ಪಾದ ನೆಲಕ್ಕೆ ಸಮಾನಾಂತರವಾಗಿರಬೇಕು, ಇಲ್ಲವೇ ಹಿಮ್ಮಡಿ ಬೆರಳುಗಳಿಗಿಂತ ಸ್ವಲ್ಪ ಮೇಲಿರಬೇಕು. ಬೆರಳುಗಳು ಆಕಾಶ ನೋಡುತ್ತಿದ್ದರೆ ಸೊಂಟ ಹೊರಳಿಲ್ಲ ಎಂದೇ ಅರ್ಥ. ಈ ಒಂದು ಗುರುತನ್ನು ದೂರದಿಂದಲೂ ಕಾಣಬಹುದು.

ಮುಂದಿನದು ಮಂಡಿ ಎತ್ತುವುದು. ಒದೆಯುವ ಕಾಲನ್ನು ನೆಲದಿಂದ ನೇರ ಗುರಿಗೆ ಬೀಸುವುದು ಕಲಿಯುವವರ ಸಾಮಾನ್ಯ ತಪ್ಪು. ಆಗ ಪಾದ ಕಮಾನಿನಂತೆ ಮೇಲೇರುತ್ತದೆ. ಹಾಗೆ ಏರುವ ಕಾಲು ಗುರಿಯನ್ನು ಸವರಿಕೊಂಡು ಹೋಗುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಸರಿಯಾದ ಕ್ರಮದಲ್ಲಿ ಮಂಡಿ ಮೊದಲು ಸೊಂಟದ ಮಟ್ಟಕ್ಕೆ, ಸಾಧ್ಯವಾದರೆ ಅದಕ್ಕಿಂತ ಮೇಲಕ್ಕೆ ಬರುತ್ತದೆ. ತೊಡೆ ಹೊಟ್ಟೆಗೆ ಹತ್ತಿರವಾಗುತ್ತದೆ. ಹಿಮ್ಮಡಿ ಗುರಿಯ ಕಡೆ ಮುಖ ಮಾಡುತ್ತದೆ. ಇಲ್ಲಿಂದ ಗುರಿಗೆ ಹಿಮ್ಮಡಿ ಹೋಗಬೇಕಾದ ದಾರಿ ಒಂದೇ ಗೆರೆ. ಮಂಡಿ ಎಷ್ಟು ಆಳವಾಗಿ ಮಡಚಿರುತ್ತದೋ ಕಾಲಿಗೆ ವೇಗ ಕೂಡಿಸಿಕೊಳ್ಳಲು ಅಷ್ಟು ಹೆಚ್ಚು ದೂರ ಸಿಗುತ್ತದೆ. ಬಲವೊಂದು ಹೆಚ್ಚು ದೂರ ದುಡಿದರೆ ಹೆಚ್ಚು ಶಕ್ತಿ ಕೊಡುತ್ತದೆ ಎಂಬ ಶಾಲೆಯ ಭೌತಶಾಸ್ತ್ರವೇ ಇಲ್ಲಿ ಕೆಲಸ ಮಾಡುವುದು. ಸೋಮಾರಿ ಮಡಿಕೆಯಿಂದ ಬಲವಾದ ಸೈಡ್ ಕಿಕ್ ಹುಟ್ಟುವುದಿಲ್ಲ.

ಇನ್ನು ಈ ಕಿಕ್ಕಿನ ಹೃದಯ. ನೋಡುವವರ ಕಣ್ಣು ಸಹಜವಾಗಿ ಒದೆಯುವ ಕಾಲಿನ ಮೇಲೆ ಇರುತ್ತದೆ. ಕಿಕ್ ಸರಿಯೋ ತಪ್ಪೋ ತೀರ್ಮಾನವಾಗುವುದು ನಿಂತ ಕಾಲಿನಲ್ಲಿ. ಮಂಡಿ ಮೇಲೇರಿ ಕಾಲು ಚಾಚುವುದರೊಳಗೆ ನಿಂತ ಪಾದ ತನ್ನ ಮುಂಭಾಗದ ಮೇಲೆ ತಿರುಗಿ, ಅದರ ಹಿಮ್ಮಡಿ ಗುರಿಯತ್ತ ನೋಡಬೇಕು. ಎಷ್ಟು ಡಿಗ್ರಿ ಎಂಬುದರಲ್ಲಿ ಪಂಥದಿಂದ ಪಂಥಕ್ಕೆ ಸಣ್ಣ ವ್ಯತ್ಯಾಸವಿದೆ. ತಿರುಗಲೇಬೇಕು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಇದರ ಕಾರಣ ಸೊಂಟದ ಕೀಲಿನ ರಚನೆಯಲ್ಲೇ ಇದೆ. ತೊಡೆಮೂಳೆಯ ಮೇಲ್ತುದಿಯಲ್ಲಿ ಹೊರಕ್ಕೆ ಚಾಚಿದ ಒಂದು ಗುಬುಟು ಇರುತ್ತದೆ. ಬೆರಳುಗಳನ್ನು ಮುಂದಕ್ಕೇ ಇಟ್ಟುಕೊಂಡು, ಸೊಂಟವನ್ನು ಅಲುಗಿಸದೆ ಕಾಲನ್ನು ನೇರ ಪಕ್ಕಕ್ಕೆ ಎತ್ತುತ್ತ ಹೋದರೆ ಸುಮಾರು 45 ಡಿಗ್ರಿಯ ಆಸುಪಾಸಿನಲ್ಲಿ ಚಲನೆ ಬಿಗಿಯುತ್ತದೆ. ಆ ಗುಬುಟು ಸೊಂಟದ ಮೂಳೆಯ ಕಡೆಗೆ ಒತ್ತರಿಸಿಕೊಂಡು ಬರುವುದೇ ಅದಕ್ಕೆ ಒಂದು ಕಾರಣ. ಅದನ್ನು ಸ್ನಾಯುಗಳ ಬಿಗಿತವೆಂದು ತಿಳಿದು ವರ್ಷಗಟ್ಟಲೆ ಸ್ಟ್ರೆಚಿಂಗ್ ಮಾಡುವವರಿದ್ದಾರೆ. ನಿಂತ ಪಾದ ತಿರುಗಿದಾಗ ಅದರೊಂದಿಗೆ ಸೊಂಟವೂ ಹೊರಳುತ್ತದೆ, ಮುಂದಕ್ಕೆ ಬಾಗುತ್ತದೆ, ಮೂಳೆಗೆ ಮೂಳೆ ದಾರಿ ಬಿಡುತ್ತದೆ. ಕಾಲು ಒಮ್ಮೆಲೇ ಸಲೀಸಾಗಿ ಮೇಲೇರುವುದನ್ನು ಅದೇ ತರಗತಿಯಲ್ಲಿ, ಅದೇ ನಿಮಿಷದಲ್ಲಿ ಕಾಣಬಹುದು. ಸಾಮಾನ್ಯ ವಿದ್ಯಾರ್ಥಿಯ ಎತ್ತರದ ಸಮಸ್ಯೆಯ ದೊಡ್ಡ ಪಾಲು ಹೀಗೆ ಪಾದ ತಿರುಗಿಸುವುದರಲ್ಲೇ ಪರಿಹಾರವಾಗುತ್ತದೆ.

ಎತ್ತರಕ್ಕಿಂತ ದೊಡ್ಡ ಲಾಭ ಬಲದ್ದು. ಸೊಂಟ ಹೊರಳದೆ ಹೊಡೆದ ಕಿಕ್ಕನ್ನು ದೂಡುವುದು ಸೊಂಟದ ಪಕ್ಕದ ಚಿಕ್ಕ ಸ್ನಾಯುಗಳು. ಅವು ನಿಲ್ಲಲು, ನಡೆಯಲು ಸಮತೋಲ ಕೊಡುವಂಥವು, ಗೋಡೆ ಒಡೆಯುವಂಥವಲ್ಲ. ಸೊಂಟ ಹೊರಳಿದಾಗ ಪೃಷ್ಠದ ದೊಡ್ಡ ಸ್ನಾಯು ಕೆಲಸಕ್ಕೆ ಇಳಿಯುತ್ತದೆ. ದೇಹದ ಸ್ನಾಯುಗಳಲ್ಲಿ ಅತಿ ದೊಡ್ಡದು ಅದೇ. ಅದು ತೊಡೆಯನ್ನು ಹಿಂದಕ್ಕೆ ನೂಕುವಾಗಲೇ ತೊಡೆಯ ಮುಂಭಾಗದ ಸ್ನಾಯುಗಳು ಮಂಡಿಯನ್ನು ನೀಟುತ್ತವೆ. ಕುಕ್ಕರಗಾಲಿನಲ್ಲಿ ಕೂತವರು ಭಾರ ಹೊತ್ತು ಎದ್ದೇಳಲು ಬಳಸುವ ಸ್ನಾಯುಗಳೇ ಇವು. ಸೈಡ್ ಕಿಕ್ ಅದೇ ಬಲವನ್ನು ಅಡ್ಡಕ್ಕೆ ತಿರುಗಿಸುತ್ತದೆ.

ತಾಗುವ ಗಳಿಗೆಯಲ್ಲಿ ಹಿಮ್ಮಡಿ, ಮಂಡಿ, ಸೊಂಟ, ಭುಜ ಸರಿಸುಮಾರು ಒಂದೇ ಗೆರೆಯಲ್ಲಿರಬೇಕು. ಒನಕೆ ತನ್ನ ಉದ್ದಕ್ಕೆ ನೆಟ್ಟಗೆ ಬಿದ್ದಾಗ ಪೂರ್ತಿ ತೂಕ ತುದಿಗೆ ಬರುತ್ತದೆ. ಸೈಡ್ ಕಿಕ್‌ನ ಕಾಲೂ ಹಾಗೆಯೇ ಉದ್ದಕ್ಕೆ ಗುರಿಯೊಳಗೆ ಹೋಗಬೇಕು. ಮನುಷ್ಯನ ಒಂದು ಕಾಲು ದೇಹದ ತೂಕದ ಸುಮಾರು ಆರನೆಯ ಒಂದು ಪಾಲು: 60 ಕಿಲೋ ತೂಗುವವರಲ್ಲಿ ಸುಮಾರು 10 ಕಿಲೋ. ಗೆರೆ ಕೂಡಿ ಬಂದರೆ ಹೊಡೆತದ ಹಿಂದೆ ಆ 10 ಕಿಲೋ ಮಾತ್ರವಲ್ಲ, ಸೊಂಟ ಮತ್ತು ಮುಂಡದ ತೂಕವೂ ನಿಲ್ಲುತ್ತದೆ. ಗೆರೆ ಎಲ್ಲಿ ಮುರಿಯುತ್ತದೋ ಬಲ ಅಲ್ಲಿಯೇ ಸೋರುತ್ತದೆ. ಪೃಷ್ಠ ಹಿಂದಕ್ಕೆ ಚಾಚಿಕೊಂಡಿದ್ದರೆ ಸೊಂಟದಲ್ಲಿ ಮುರಿಯುತ್ತದೆ. ಒದ್ದವರೇ ಹಿಂದಕ್ಕೆ ತೂರಾಡುತ್ತಾರೆ. ಗುರಿಯನ್ನು ನೂಕಿದಷ್ಟೇ ಬಲದಿಂದ ಗುರಿ ಒದ್ದವರನ್ನು ನೂಕುತ್ತದೆ. ಆ ಮರುನೂಕು ಸೊಂಟದ ಮೂಲಕ ನಿಂತ ಕಾಲಿಗೆ, ಅಲ್ಲಿಂದ ನೆಲಕ್ಕೆ ಇಳಿಯಬೇಕು. ನಿಂತ ಮಂಡಿ ಸ್ವಲ್ಪ ಬಾಗಿರಬೇಕೆಂದು ಮಾಸ್ಟರ್‌ಗಳು ಹೇಳುವುದು ಇದಕ್ಕೇ.

ವೇಗದ ಮಾತೂ ಇದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದದ್ದು. ವೇಗ ಶೇ 10ರಷ್ಟು ಹೆಚ್ಚಿದರೆ ಶಕ್ತಿ ಶೇ 21ರಷ್ಟು ಹೆಚ್ಚುತ್ತದೆ. ಈ ಲೆಕ್ಕ ಕೇಳಿದ ಕೂಡಲೇ ಎಲ್ಲವನ್ನೂ ಜೋರಾಗಿ ಹೊಡೆಯುವ ಉತ್ಸಾಹ ಬರುತ್ತದೆ. ಆದರೆ ಭುಜ, ಕುತ್ತಿಗೆ, ತೊಡೆ ಎಲ್ಲವನ್ನೂ ಮೊದಲಿನಿಂದ ಬಿಗಿಹಿಡಿದರೆ ಒಂದು ಸ್ನಾಯು ಇನ್ನೊಂದನ್ನು ತಡೆಯುತ್ತದೆ, ಕಾಲು ನಿಧಾನವಾಗುತ್ತದೆ. ಮಂಡಿ ಎತ್ತುವವರೆಗೆ ಮೈ ಸಡಿಲ, ತಾಗುವ ಕ್ಷಣಕ್ಕೆ ಮಾತ್ರ ಬಿಗಿ, ಅದರ ಜೊತೆಗೇ ಉಸಿರು ಹೊರಕ್ಕೆ: ‘ಕಿಹಾಪ್’ ಕೂಗಿನ ಕೆಲಸ ಇದು. ಗುರಿಯನ್ನು ಮೇಲ್ಮೈಯಲ್ಲಿ ಇಟ್ಟುಕೊಳ್ಳದೆ ನಾಲ್ಕೈದು ಬೆರಳು ಒಳಗೆ ಇಟ್ಟುಕೊಳ್ಳಬೇಕು. ಆಗ ಮಂಡಿ ಪೂರ್ತಿ ನೀಟಾಗುವ ಮೊದಲೇ ಹಿಮ್ಮಡಿ ತಾಗುತ್ತದೆ, ಉಳಿದ ಚಾಚು ಗುರಿಯೊಳಗೆ ಇಳಿಯುತ್ತದೆ. ಗಾಳಿಯಲ್ಲಿ ಅಭ್ಯಾಸ ಮಾಡುವಾಗ ಮಾತ್ರ ಮಂಡಿಯನ್ನು ಕೊನೆಯವರೆಗೆ ಫಟ್ಟೆಂದು ಬಿಡಿಸಬಾರದು. ತಡೆಯಲು ಗುರಿ ಇಲ್ಲದಾಗ ಆ ವೇಗವನ್ನೆಲ್ಲ ಕೀಲು ನುಂಗಬೇಕಾಗುತ್ತದೆ.

ಹೊಡೆದ ಮೇಲೆ ಕಾಲನ್ನು ಬಂದ ದಾರಿಯಲ್ಲೇ ಮಡಚಿ ತರಬೇಕು. ಚಾಚಿದ ಕಾಲನ್ನು ಹಾಗೆಯೇ ನೆಲಕ್ಕೆ ಬೀಳಿಸಿದರೆ ಎದುರಾಳಿ ಹಿಡಿಯಬಹುದು, ಒಳನುಗ್ಗಬಹುದು. ಮೈಯೂ ಮುಂದಕ್ಕೆ ಬೀಳುತ್ತದೆ.

ಅಭ್ಯಾಸ ನಿಧಾನದಿಂದ ಆರಂಭವಾಗಬೇಕು. ಗೋಡೆಗೋ ಕಿಟಕಿಯ ಸರಳಿಗೋ ಕೈಯಿಟ್ಟು, ಮಂಡಿ ಎತ್ತಿ ಎರಡು ಉಸಿರು ನಿಲ್ಲುವುದು; ಪಾದ ತಿರುಗಿಸಿ ಕಾಲು ಚಾಚಿ ಮತ್ತೆ ಎರಡು ಉಸಿರು; ಮಡಚಿ ಎರಡು ಉಸಿರು; ಆಮೇಲೆ ಇಳಿಸುವುದು. ವೇಗದಲ್ಲಿ ಮುಚ್ಚಿಹೋಗುವ ತಪ್ಪೆಲ್ಲ ಈ ನಿಧಾನದಲ್ಲಿ ಬಯಲಾಗುತ್ತದೆ. ಐಟಿಎಫ್‌ನ ಮೂನ್‌ಮೂ ಪ್ಯಾಟರ್ನ್‌ನಲ್ಲಿ ಎತ್ತರದ ಸೈಡ್ ಕಿಕ್ಕನ್ನು ಉದ್ದೇಶಪೂರ್ವಕವಾಗಿ ನಿಧಾನಗತಿಯಲ್ಲಿ ಮಾಡಿಸುತ್ತಾರೆ. ಅದನ್ನು ಅಲುಗಾಡದೆ ಮಾಡುವವರ ಕಾಲಲ್ಲಿ ಬಲವಿದೆ ಎಂದು ಬೇರೆ ಸಾಕ್ಷಿ ಬೇಕಿಲ್ಲ.

ಕುರ್ಚಿಯ ಅಭ್ಯಾಸವೂ ಒಳ್ಳೆಯದು. ಬೆನ್ನೊರಗುವ ಕುರ್ಚಿಯೊಂದನ್ನು ಪಕ್ಕದಲ್ಲಿಟ್ಟು, ಅದರ ಬೆನ್ನಿನ ಮೇಲಿಂದ ಕಾಲು ಚಾಚಿ, ಮೇಲಿಂದಲೇ ಹಿಂದಕ್ಕೆ ತರಬೇಕು. ಮಂಡಿಯನ್ನು ಮೊದಲು ಎತ್ತದವರು, ಮುಗಿದ ಮೇಲೆ ಮಡಚದವರು ಕುರ್ಚಿಯನ್ನು ಒದ್ದೇ ಒದೆಯುತ್ತಾರೆ. ಮಾಸ್ಟರ್ ನೂರು ಸಲ ಕೂಗಿ ಹೇಳುವುದನ್ನು ಕುರ್ಚಿ ಒಂದೇ ಸಲಕ್ಕೆ ಹೇಳುತ್ತದೆ. ಇನ್ನೊಂದು, ಗೋಡೆಗೆ ಹಿಮ್ಮಡಿಯನ್ನು ಸೊಂಟದ ಎತ್ತರದಲ್ಲಿ ಊರಿ, ಮಂಡಿ ಸ್ವಲ್ಪ ಮಡಚಿಟ್ಟು, ಮೆಲ್ಲನೆ ಒತ್ತುವುದು. ಒತ್ತುವಾಗ ಮೈ ಯಾವ ಕಡೆಗೆ ಜಾರುತ್ತದೆ ಎಂದು ಗಮನಿಸಿದರೆ ಗೆರೆ ಎಲ್ಲಿ ಮುರಿದಿದೆ ಎಂದು ತಿಳಿಯುತ್ತದೆ. ಪೃಷ್ಠವನ್ನು ಒಳಕ್ಕೆ ತಂದು, ಪಾದವನ್ನು ಇನ್ನಷ್ಟು ತಿರುಗಿಸಿ ಮತ್ತೆ ಒತ್ತಿದಾಗ ಗೋಡೆಯ ಮರುನೂಕು ನೇರ ನಿಂತ ಹಿಮ್ಮಡಿಗೆ ಇಳಿಯುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಬಲದ ಪಾಠಕ್ಕೆ ಇದಕ್ಕಿಂತ ಅಗ್ಗದ, ಖಚಿತವಾದ ಉಪಕರಣವಿಲ್ಲ.

ಇಷ್ಟಾದ ಮೇಲೆ ಬ್ಯಾಗು, ಪ್ಯಾಡು. ಭಾರದ ಬ್ಯಾಗು ಸುಮ್ಮನೆ ಉಯ್ಯಾಲೆಯಾಡುತ್ತಿದ್ದರೆ ಕಾಲು ಅದನ್ನು ತಳ್ಳುತ್ತಿದೆ. ತಾಗಿದ ಜಾಗದಲ್ಲಿ ಒಳಕ್ಕೆ ಮಡಚಿ ನಡುಗಿದರೆ ಹೊಡೆಯುತ್ತಿದೆ. ದೂರದ ಅಂದಾಜನ್ನೂ ಬ್ಯಾಗೇ ಕಲಿಸುತ್ತದೆ. ಮೊದಲು ನಿಂತಲ್ಲಿಂದ, ಆಮೇಲೆ ಹಿಂಗಾಲನ್ನು ಮುಂಗಾಲಿನ ಹತ್ತಿರಕ್ಕೆ ಎಳೆದು ಮುಂಗಾಲಿನಿಂದ, ಅದಾದ ಮೇಲೆ ಹಿಂಗಾಲನ್ನು ಮುಂಗಾಲಿನ ಹಿಂದಿನಿಂದ ದಾಟಿಸಿ ಹೊಡೆಯಬೇಕು. ದಾಟಿಸಿ ಇಡುವ ಆ ಪಾದವನ್ನು ಇಡುವಾಗಲೇ ಹಿಮ್ಮಡಿ ಗುರಿಯತ್ತ ಇರುವಂತೆ ಇಟ್ಟರೆ ತಿರುಗುವ ಕೆಲಸದ ಹೆಚ್ಚಿನ ಭಾಗ ಅಲ್ಲೇ ಮುಗಿದಿರುತ್ತದೆ. ಹಾರಿ ಹೊಡೆಯುವ ಸೈಡ್ ಕಿಕ್ ಕೊನೆಯಲ್ಲಿ ಬರಲಿ. ಪ್ರದರ್ಶನಗಳಲ್ಲಿ ಅದಕ್ಕೇ ಹೆಚ್ಚು ಚಪ್ಪಾಳೆ. ಫ್ರೀಸ್ಟೈಲ್ ಪೂಮ್ಸೆ ಸ್ಪರ್ಧೆಯಲ್ಲಿ ಹಾರಿದ ಸೈಡ್ ಕಿಕ್‌ನ ಎತ್ತರಕ್ಕೇ ಅಂಕಗಳಿವೆ. ಆದರೆ ನೆಲದ ಮೇಲೆ ಗೆರೆ ಕೂಡದವರಿಗೆ ಗಾಳಿಯಲ್ಲಿ ಅದು ಕೂಡಿಬರುವುದಿಲ್ಲ.

ಮೈಯ ಸಿದ್ಧತೆಯಲ್ಲಿ ಒಂದು ಗೊಂದಲ ವ್ಯಾಪಕವಾಗಿದೆ. ಸ್ಪ್ಲಿಟ್‌ನಲ್ಲಿ ಕೂರಬಲ್ಲವರೆಲ್ಲ ಎತ್ತರಕ್ಕೆ ಕಿಕ್ ಹೊಡೆಯಬಲ್ಲರು ಎಂಬ ನಂಬಿಕೆ ಅದು. ನೆಲದ ಮೇಲೆ ಕಾಲನ್ನು ಅಗಲಿಸುವುದು ದೇಹದ ಭಾರ. ಗಾಳಿಯಲ್ಲಿ ಕಾಲನ್ನು ಎತ್ತಿ ಹಿಡಿಯಬೇಕಾದದ್ದು ಸ್ನಾಯು. ಎರಡೂ ಬೇರೆ ಬೇರೆ ಶಕ್ತಿಗಳು. ಆದ್ದರಿಂದ ತೊಡೆಯ ಒಳಭಾಗ ಮತ್ತು ಹಿಂಭಾಗದ ಸ್ಟ್ರೆಚಿಂಗ್‌ನಷ್ಟೇ ಮುಖ್ಯವಾಗಿ, ಪಕ್ಕಕ್ಕೆ ಮಲಗಿ ಕಾಲೆತ್ತುವುದು, ಒಂಟಿಕಾಲಿನ ಬೈಠಕ್, ಸೈಡ್ ಪ್ಲ್ಯಾಂಕ್, ಸೊಂಟವೆತ್ತುವ ಬ್ರಿಡ್ಜ್ ಇವೂ ಇರಬೇಕು. ದೀರ್ಘವಾಗಿ ಹಿಡಿದು ನಿಲ್ಲುವ ಸ್ಟ್ರೆಚಿಂಗ್ ಅಭ್ಯಾಸದ ಕೊನೆಗೆ ಒಳ್ಳೆಯದು. ಆರಂಭದಲ್ಲಿ ಕಾಲು ಬೀಸುವ, ಮಂಡಿ ಸುತ್ತಿಸುವ ಚಲನೆಗಳು ಸಾಕು.

ಬಲದ ಪರೀಕ್ಷೆಗೆ ಕೊರಿಯನ್ ಪರಂಪರೆಯಲ್ಲಿ ಹಲಗೆ ಒಡೆಯುವುದಿದೆ. ಐಟಿಎಫ್ ಸ್ಪರ್ಧೆಗಳ ಪವರ್ ವಿಭಾಗದಲ್ಲಿ ಗಂಡಸರಿಗೂ ಹೆಂಗಸರಿಗೂ ಸೈಡ್ ಕಿಕ್ ನಿಗದಿಯಾದ ಹೊಡೆತಗಳಲ್ಲೊಂದು. ಅಭ್ಯಾಸಕ್ಕೆ ಬಳಸುವುದು ಸುಮಾರು 30 ಸೆಂಟಿಮೀಟರ್ ಅಗಲದ, 2 ಸೆಂಟಿಮೀಟರ್ ದಪ್ಪದ ಪೈನ್ ಹಲಗೆ. ಮರ ತನ್ನ ಎಳೆಯ ಉದ್ದಕ್ಕೆ ಸೀಳುವುದರಿಂದ ಪಾದದ ಅಂಚು ಎಳೆಯ ದಿಕ್ಕಿಗೆ ಹೊಂದಿರಬೇಕು, ಹಿಡಿದವರ ಕೈ ಅಲುಗಬಾರದು. ಕರ್ನಾಟಕದ ಶಾಲಾ ವಾರ್ಷಿಕೋತ್ಸವಗಳಲ್ಲಿ ಹಲಗೆಯ ಬದಲು ಹೆಂಚು ಒಡೆಯುವುದನ್ನು ಕಾಣಬಹುದು. ಹೆಂಚು ಸುಲಭವಾಗಿ ಸಿಗುತ್ತದೆ, ಒಡೆದಾಗ ಸದ್ದೂ ಜೋರು. ಆದರೆ ಅದು ಪೆಡಸು ವಸ್ತು. ಓರೆ ತಾಗಿದರೂ ಚೂರಾಗುತ್ತದೆ, ಚೂರು ಕಾಲಿಗೆ ಚುಚ್ಚುತ್ತದೆ. ಹಲಗೆ ಓರೆ ಹೊಡೆತಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಕಿಕ್ ಸರಿಯಿದೆಯೇ ಎಂದು ತಿಳಿಯಬೇಕಾದವರು ಹಲಗೆಯನ್ನೇ ಆರಿಸಿಕೊಳ್ಳಬೇಕು.

ಸ್ಪರ್ಧೆಯ ಅಂಗಳದಲ್ಲಿ ಸೈಡ್ ಕಿಕ್‌ನ ಪಾತ್ರ ಬದಲಾಗುತ್ತ ಬಂದಿದೆ. ಟೇಕ್ವಾಂಡೋ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಗಿತ್ತು, 2000ದ ಸಿಡ್ನಿಯಲ್ಲಿ ಪದಕದ ಕ್ರೀಡೆಯಾಯಿತು. ಆ ಕಾಲದಲ್ಲಿ ರೌಂಡ್‌ಹೌಸ್ ಕಿಕ್ಕೇ ರಾಜ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಎದೆಗವಚದೊಳಗೆ ಎಲೆಕ್ಟ್ರಾನಿಕ್ ಸಂವೇದಕಗಳು ಬಂದ ಮೇಲೆ ಮುಂಗಾಲನ್ನು ಎತ್ತಿಹಿಡಿದು ಎದುರಾಳಿಯ ದಾಳಿಯನ್ನು ತಡೆಯುತ್ತ, ಅದೇ ಕಾಲಿನಿಂದ ಸೈಡ್ ಕಿಕ್ ಹೊಡೆಯುವ ಶೈಲಿ ಬಲಿಯಿತು. ಈ ಮುಂಗಾಲಿನ ಕಿಕ್‌ನಲ್ಲಿ ಪಾದ ಪೂರ್ತಿ ತಿರುಗಲು ಸಮಯವಿರುವುದಿಲ್ಲ. ಹೊಡೆತದ ಆಳಕ್ಕಿಂತ ಹೊತ್ತಿಗೆ ಸರಿಯಾಗಿ ತಾಗುವುದು ಮುಖ್ಯ. ಇದನ್ನೇ ಸೈಡ್ ಕಿಕ್‌ನ ಮಾದರಿಯೆಂದು ಮಕ್ಕಳಿಗೆ ಮೊದಲು ಕಲಿಸುವುದು ತಪ್ಪು. ಪೂರ್ತಿ ಕಿಕ್ ಬಂದವರು ಅದನ್ನು ಸ್ಪರ್ಧೆಗಾಗಿ ಚಿಕ್ಕದಾಗಿಸಿಕೊಳ್ಳಬಲ್ಲರು. ಚಿಕ್ಕದನ್ನೇ ಮೊದಲು ಕಲಿತವರು ಅದನ್ನು ಪೂರ್ತಿ ಮಾಡಿಕೊಳ್ಳುವುದು ಅಪರೂಪ.

ಕೊನೆಯದಾಗಿ ನೆಲದ ಮಾತು. ಬರಿಗಾಲಿನ ಪಾದ ಸಲೀಸಾಗಿ ತಿರುಗುವ ನೆಲ ಬೇಕು. ಒರಟು ಸಿಮೆಂಟಿನ ಮೇಲೆ ಚರ್ಮ ಸುಲಿಯುತ್ತದೆ. ಜೋಡಿಸಿ ಹಾಸುವ ಮೆತ್ತನೆಯ ಫೋಮ್ ಮ್ಯಾಟ್‌ಗಳು ಪಾದವನ್ನು ಹಿಡಿದುಕೊಳ್ಳುತ್ತವೆ. ಪಾದ ಸಿಕ್ಕಿಕೊಂಡು ಸೊಂಟ ಮಾತ್ರ ತಿರುಗಿದರೆ ಆ ತಿರುಚು ಪೂರ್ತಿ ಮಂಡಿಯ ಮೇಲೆ ಬೀಳುತ್ತದೆ. ಒಳಬದಿಯ ಅಸ್ಥಿರಜ್ಜು, ಕೀಲಿನ ನಡುವಿನ ಮೆನಿಸ್ಕಸ್ ಎರಡಕ್ಕೂ ಇದು ಅಪಾಯ. ಇಂಥ ಮ್ಯಾಟಿನ ಮೇಲೆ ಕಲಿಸುವವರು ಹಿಮ್ಮಡಿಯನ್ನು ತುಸು ಎತ್ತಿ, ಭಾರವನ್ನು ಪಾದದ ಮುಂಭಾಗಕ್ಕೆ ತಂದು ತಿರುಗುವುದನ್ನು ಮೊದಲ ತರಗತಿಯಿಂದಲೇ ರೂಢಿಮಾಡಿಸಬೇಕು. ಬೆಳೆಯುವ ಮಕ್ಕಳ ವಿಷಯದಲ್ಲಂತೂ ಈ ಎಚ್ಚರ ಸಡಿಲವಾಗಬಾರದು. ಬೆಲ್ಟ್ ಪರೀಕ್ಷೆಯಲ್ಲಿ ತಲೆಯ ಮಟ್ಟಕ್ಕೆ ಕಾಲೆತ್ತಿದ ಮಗುವಿಗೆ ಅಂಕ ಕೊಡುವ ಮೊದಲು ಪರೀಕ್ಷಕರು ಒಮ್ಮೆ ಕೆಳಗೆ ನೋಡಲಿ. ನಿಂತ ಪಾದ ತಿರುಗಿರದಿದ್ದರೆ, ಅದೇ ಕಿಕ್ಕನ್ನು ಸೊಂಟದ ಮಟ್ಟದಲ್ಲಿ ಸರಿಯಾಗಿ ಹೊಡೆದ ಪಕ್ಕದ ಮಗುವಿಗೇ ಹೆಚ್ಚು ಅಂಕ ಸಲ್ಲಬೇಕು.